ಕೆಡದ ಕಂಪ್ಯೂಟರ್

ನಮ್ಮತ್ತೆ, ಅಂದರೆ ಅಪ್ಪನ ತಂಗಿ, ಬಾಗಿಲಿಗೆ ಹಾಕುವ ನಾಮಫಲಕ ಕೆತ್ತುತ್ತಾಳೆ. ಮುಂದಿನ ಕೋಣೆಯಲ್ಲಿ ಕೆತ್ತುವ ಯಂತ್ರ, ಅದಕ್ಕೆ ಅಕ್ಷರ ಕಳಿಸುವ ಹಳೇ ಕಂಪ್ಯೂಟರ್. ಹಿಂದಿನ ಕೋಣೆಯಲ್ಲಿ ಮಂಚ, ಒಲೆ, ಒಂದೇ ಕುರ್ಚಿ. ಊರವರ ಹೆಸರನ್ನೆಲ್ಲ ಬರೆಯುವವಳ ಬಾಗಿಲಿಗೇ ಹೆಸರಿಲ್ಲ. ಕೇಳಿದರೆ, ಇರೋದು ನಾನೊಬ್ಳೇ, ನಂಗೆ ಗೊತ್ತಲ್ಲ ಅನ್ನುತ್ತಾಳೆ.

ಆ ಕಂಪ್ಯೂಟರಿನಲ್ಲಿದ್ದದ್ದು ದುಡ್ಡು ಕೊಟ್ಟು ಕೊಳ್ಳಬೇಕಾದ ಸಿಸ್ಟಮ್ಮಿನ ಓಬೀರಾಯನ ಕಾಲದ ಆವೃತ್ತಿ. ಹದಿನೈದು ದಿನಕ್ಕೊಮ್ಮೆ ವೈರಸ್ಸು, ಇಲ್ಲವೇ ಕೆಲಸದ ನಡುವೆ ಗರ ಬಡಿದಂತೆ ನಿಂತುಬಿಡುವುದು. ಹಾಗೆ ನಿಂತಾಗಲೇ ಯಾರೋ ಮಾಡಿಕೊಡಲು ಹೇಳಿದ್ದ 'ನಾಯಿ ಇದೆ, ಎಚ್ಚರಿಕೆ' ಫಲಕ ಸೊಟ್ಟಗಾಯಿತು. ಎಸೆಯಲು ಮನಸ್ಸಾಗದೆ ಅತ್ತೆ ಅದನ್ನು ಮಾನಿಟರಿಗೆ ಒರಗಿಸಿಟ್ಟುಕೊಂಡಳು. ಆ ಮನೆಯಲ್ಲಿ ನಾಯಿ ಹೋಗಲಿ, ಬೆಕ್ಕೂ ಇಲ್ಲ.

ಕೆಟ್ಟಾಗಲೆಲ್ಲ ಫೋನು. "ಮತ್ತೆ ಮುನಿಸ್ಕೊಂಡಿದೆ ಕಣೇ, ಬಾ." ನಾನು ಭಾನುವಾರ ಹೋಗಿ ರಿಪೇರಿ ಮಾಡುತ್ತಿದ್ದೆ. ಅವಳು ಇದ್ದೊಂದು ಕುರ್ಚಿ ನನಗೆ ಕೊಟ್ಟು, ತಾನು ನಿಂತುಕೊಂಡೇ ಹಣ್ಣು ಹೆಚ್ಚುತ್ತ, ಯಾವ ಗಂಡ ಹೆಂಡತಿ ಯಾರ ಹೆಸರು ಮೇಲಿರಬೇಕೆಂದು ಅಂಗಡಿಯಲ್ಲೇ ಜಗಳವಾಡಿದರು ಎಂದೆಲ್ಲ ಹೇಳುವಳು. ಗಿರಾಕಿಗಳನ್ನು ಬಿಟ್ಟರೆ ಆ ಹೊಸ್ತಿಲು ದಾಟುತ್ತಿದ್ದವಳು ನಾನೊಬ್ಬಳೇ. ಕಂಪ್ಯೂಟರ್ ಕೆಡದಿದ್ದರೆ ನಾನೂ ದಾಟುತ್ತಿರಲಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಷ್ಟರಲ್ಲಿ ನನಗೆ ಲಿನಕ್ಸ್ ಎಂಬ ಪುಕ್ಕಟೆ ಸಿಸ್ಟಮ್ಮಿನ ಹುಚ್ಚು ಹಿಡಿಯಿತು. ಎರಡು ಭಾನುವಾರ ಕೂತು ಹಳೆಯದನ್ನು ಅಳಿಸಿ ಹೊಸದನ್ನು ಹಾಕಿದೆ, ಕೆತ್ತುವ ಯಂತ್ರವನ್ನೂ ಅದಕ್ಕೆ ಒಗ್ಗಿಸಿದೆ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ, ಇದು ಎಷ್ಟು ದಿನಕ್ಕೊಮ್ಮೆ ಕೆಡುತ್ತೆ ಅಂತ.

"ಕೆಡೋದೇ ಇಲ್ಲ ಅತ್ತೆ."

"ಹೌದಾ," ಎಂದು ಅವಳು ಹಣ್ಣಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಏನಾದರೂ ಬೇಕಾದರೆ ಇಲ್ಲಿ ಕೇಳು ಎಂದು ಲಿನಕ್ಸ್ ಬಳಕೆದಾರರ ಆನ್‌ಲೈನ್ ಗುಂಪಿನ ವಿಳಾಸವನ್ನು ತೆರೆಯ ಮೇಲೆ ಇಟ್ಟು ಬಂದೆ. ಆ ಗುಂಪಿನಲ್ಲಿ ಅಡ್ಡಹೆಸರು ಮಾತ್ರ ಕಾಣುತ್ತದೆ. ಕೇಳಿದವರಿಗೆ ನಾನೂ ವಾಯ್ಸ್ ನೋಟಿನಲ್ಲಿ ಉತ್ತರ ಹೇಳುತ್ತೇನೆ.

ಐದು ತಿಂಗಳು ಕಳೆಯಿತು. ಫೋನ್ ಬರಲಿಲ್ಲ, ನಾನು ಹೋಗಲಿಲ್ಲ. ಕೆಟ್ಟಿಲ್ಲವಲ್ಲ ಎಂದು ಬೀಗುತ್ತಿದ್ದೆ.

ಗುಂಪಿನಲ್ಲಿ 'ಹೊಸಬರು' ಎಂಬ ಹೆಸರಿನವರೊಬ್ಬರಿದ್ದರು. ಒಂದು ವಾರ ಅಕ್ಷರ ದೊಡ್ಡದು ಮಾಡುವುದು ಹೇಗೆ ಅನ್ನುವರು, ಮುಂದಿನ ವಾರ ಚಿಕ್ಕದು ಮಾಡುವುದು ಹೇಗೆ ಅನ್ನುವರು. ಇವರಿಗೆ ಬೇರೆ ಕೆಲಸವಿಲ್ಲವೇ ಎಂದು ಒಬ್ಬ ಸಿಡುಕಿದ. ನನಗೋ ಹೇಳುವುದೇ ಚಪಲ, ಎರಡು ನಿಮಿಷ ಮಾತಾಡಿ ಕಳಿಸುತ್ತಿದ್ದೆ. ಕೂಡಲೇ ಬರೆಯುವರು: ಇನ್ನೊಂದ್ಸಲ ನಿಧಾನವಾಗಿ ಹೇಳ್ತೀರಾ? ಮತ್ತೆ ಹೇಳುತ್ತಿದ್ದೆ.

ಒಂದು ದಿನ, ತೆರೆಯ ಫೋಟೋ ಕಳಿಸಿ ಎಂದೆ. ಬಂತು. ಅಕ್ಷರಗಳೆಲ್ಲ ಸರಿಯಾಗಿಯೇ ಇದ್ದವು. ಮೂಲೆಯಲ್ಲಿ, ಸೊಟ್ಟಗೆ, 'ನಾಯಿ ಇದೆ, ಎಚ್ಚರಿಕೆ'.

ಅಂದು ಸಂಜೆಯೇ ಹೋದೆ. ಬಾಗಿಲು ತೆಗೆದವಳು, ಏನೂ ಕೆಟ್ಟಿಲ್ವಲ್ಲೇ ಅಂದಳು. ಗೊತ್ತು ಅಂದೆ. ಕುರ್ಚಿ ತಂದು ಹಾಕಿ, ಬೆನ್ನು ತಿರುಗಿಸಿ, ಯಂತ್ರದ ಮೇಲಿನ ಹಿತ್ತಾಳೆ ಪುಡಿ ಒರೆಸುತ್ತ ನಿಂತಳು.

"ಆ ಹಳೇದನ್ನೇ ಹಾಕ್ಬಿಡು. ಇದು ಒಳ್ಳೇದೇ. ಆದ್ರೆ ಹಳೇದು ಕೆಡ್ತಿತ್ತು."

ನಾನು ಹಾಕಲಿಲ್ಲ. ಇನ್ಮೇಲೆ ಕೆಡದಿದ್ದರೂ ಬರುತ್ತೇನೆ ಎಂದೆ. ಸುಮ್‌ಸುಮ್ನೆ ಯಾರು ಬರ್ತಾರೆ ಎಂದು ನಕ್ಕಳು.

ಮೂರು ಸಲ ಹೋದೆ. ಹೋದ ಭಾನುವಾರ ಪರೀಕ್ಷೆಯ ಓದು, ಆಗಲಿಲ್ಲ. ಸೋಮವಾರ ಬೆಳಿಗ್ಗೆ ಗುಂಪಿನಲ್ಲಿ 'ಹೊಸಬರು' ಕೇಳಿದ್ದರು, ಅಕ್ಷರ ದೊಡ್ಡದು ಮಾಡೋದು ಹೇಗೆ? ನಾನು ನೋಡುವಷ್ಟರಲ್ಲಿ ಆ ಸಿಡುಕನೇ ಒಂದು ಸಾಲಿನಲ್ಲಿ ಉತ್ತರ ಬರೆದು ಮುಗಿಸಿದ್ದ. ಅದರ ಕೆಳಗೆ:

"ಇನ್ನೊಂದ್ಸಲ ನಿಧಾನವಾಗಿ ಹೇಳ್ತೀರಾ?"

ಅದನ್ನು ಓದುವಾಗ ನಾನು ಅತ್ತೆ ಮನೆ ಕಡೆ ಹೋಗುವ ಬಸ್ಸಿನಲ್ಲಿದ್ದೆ.