ಬಣ್ಣದ ಗುಂಡಿನ ಬಟ್ಟೆ ಒಗೆದವಳು

ಊರ ಹೊರಗಿನ ಹಳೇ ಇಟ್ಟಿಗೆ ಕಾರ್ಖಾನೆಯ ಜಾಗದಲ್ಲಿ ಬಣ್ಣದ ಗುಂಡು ಹೊಡೆದಾಡುವ ಆಟದ ಮೈದಾನ ಶುರುವಾದಾಗ, ಆಟಗಾರರ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದವಳು ಬಣ್ಣದಕ್ಕ. ಆ ಹೆಸರು ಆಮೇಲೆ ಅಂಟಿಕೊಂಡದ್ದು. ಮೊದಲ ದಿನ ಕೆಂಪು ಮೆತ್ತಿದ ಅಂಗಿಗಳ ಗುಡ್ಡೆ ಕಂಡು ಅವಳು ಬಾಗಿಲು ದಾಟದೆ ನೋಡುತ್ತಾ ನಿಂತಿದ್ದಳು. ಬಹಳ ವರ್ಷಗಳ ಹಿಂದೆ, ಯುದ್ಧಕ್ಕೆ ಹೋದ ಅವಳ ಅಣ್ಣನ ಬದಲು ಮನೆಗೆ ಬಂದದ್ದು ಒಂದು ತಗಡಿನ ಪೆಟ್ಟಿಗೆ. ಅದರಲ್ಲಿ ಒಗೆದು ಮಡಿಸಿಟ್ಟ ಅಂಗಿ. ಯಾರು ಒಗೆದರೋ, ಎದೆಯ ಹತ್ತಿರದ ಕಲೆ ಪೂರ್ತಿ ಹೋಗಿರಲಿಲ್ಲ. ಮಗಳಿಗೆ ಮಾತ್ರ ಅವಳು, "ನಿನ್ನ ಮಾವ ಜ್ವರ ಬಂದು ಹೋದ" ಎಂದಷ್ಟೇ ಹೇಳಿದ್ದಳು.

"ನೀರು ಬಿದ್ರೆ ಹೋಗೋ ಬಣ್ಣ ಕಣಕ್ಕ, ಯಾಕೆ ಹಾಗೆ ನೋಡ್ತೀಯ?" ಎಂದು ಮ್ಯಾನೇಜರ್ ನಕ್ಕಿದ್ದ. ನಿಜವಾಗಿಯೂ ಹೋಗುತ್ತಿತ್ತು. ವರ್ಷ ಕಳೆಯುವಷ್ಟರಲ್ಲಿ, "ಬೆನ್ನ ತುಂಬಾ ಬಣ್ಣ ತಂದಿದ್ದೀಯಲ್ಲಪ್ಪ, ಓಡಿಹೋಗ್ತಿದ್ಯಾ?" ಎಂದು ಆಟಗಾರರ ಕಾಲೆಳೆಯುವಷ್ಟು ಅವಳು ಪಳಗಿದಳು.

ಭಯ ಮತ್ತೆ ಹೊಕ್ಕಿದ್ದು ಮಗಳು ಆಟಕ್ಕೆ ಇಳಿದ ಮೇಲೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ, ಜಿರಲೆ ಕಂಡರೆ ಮಂಚ ಹತ್ತುವ ಹುಡುಗಿ ಮೂರೇ ತಿಂಗಳಲ್ಲಿ ತಂಡದ ನಾಯಕಿಯಾದಳು. ಊಟಕ್ಕೆ ಕೂತಲ್ಲೇ ಲೋಟ, ಚಮಚ ಜೋಡಿಸಿ, "ಹೀಗೆ ಸುತ್ತಿ ಬಂದಿದ್ರೆ ಎಲ್ರನ್ನೂ ಸಾಯಿಸಬಹುದಿತ್ತಮ್ಮ" ಎನ್ನುವಳು. ತಾಯಿ ಆ ಲೋಟ, ಚಮಚ ಎತ್ತಿಕೊಂಡು ಒಳಗೆ ಹೋಗುವಳು. ಅದೇ ಹೊತ್ತಿಗೆ ಗಡಿಯಲ್ಲಿ ಗುಂಡು ಹಾರಿದ ಸುದ್ದಿ ದಿನವೂ ಬರತೊಡಗಿತ್ತು.

ಒಂದು ಭಾನುವಾರ ಸೇನೆಯವರು ಮೈದಾನದ ಬಾಗಿಲಲ್ಲೇ ಮೇಜು ಹಾಕಿ, ಸೇರುವವರ ಹೆಸರು ಬರೆದುಕೊಳ್ಳತೊಡಗಿದರು. ಒಗೆಯುವ ಕೋಣೆಯ ಕಿಟಕಿಯಿಂದ ಬಣ್ಣದಕ್ಕ ನೋಡುತ್ತಾಳೆ: ಸಾಲಿನಲ್ಲಿ ಮೂರನೆಯವಳು ಮಗಳು! ಸೋಪಿನ ಕೈಯಲ್ಲೇ ಓಡಿಹೋಗಿ ರಟ್ಟೆ ಹಿಡಿದಳು.

"ನಡಿ ಮನೆಗೆ!"

"ಬಿಡಮ್ಮ, ನಾನು ಸೇರೋಕೆ ಬಂದಿಲ್ಲ. ಇವಳನ್ನ ಎಳ್ಕೊಂಡು ಹೋಗೋಕೆ ಬಂದೆ."

ಮಗಳ ಮುಂದೆ ನಿಂತಿದ್ದವಳು ಅವಳ ಗೆಳತಿ, ಚಿತ್ರಕಲೆಯ ಟೀಚರ್. ಆಟದಲ್ಲಿ ಯಾವಾಗಲೂ ಮೊದಲು ಔಟಾಗುವವಳು.

"ಇದು ಆಟದಿಂದ ಹುಟ್ಟಿದ್ದಲ್ಲಕ್ಕ," ಎಂದಳು ಟೀಚರ್. "ಆಸೆ ಮೊದಲಿಂದ್ಲೂ ಇತ್ತು. ಇಲ್ಲಿಗೆ ಬಂದ್ಮೇಲೆ ಧೈರ್ಯ ಬಂತು, ಅಷ್ಟೇ."

"ಇಲ್ಲಿ ಬಿದ್ದೋರು ಎದ್ದು ಬಂದು ನೀರು ಕುಡೀತಾರಲ್ಲಮ್ಮ! ಆ ಧೈರ್ಯ ನಂಬ್ಕೊಂಡು ಹೋಗ್ತೀಯ?" ಎಂದಳು ಬಣ್ಣದಕ್ಕ.

ಅಲ್ಲೇ, ಎಲ್ಲರೆದುರು, ಬಣ್ಣದಕ್ಕ ಅಣ್ಣನ ಪೆಟ್ಟಿಗೆಯ ವಿಷಯ ಬಾಯಿ ಬಿಟ್ಟಳು. "ಜ್ವರ ಅಂದಿದ್ಯಲ್ಲಮ್ಮ?" ಎಂದಳು ಮಗಳು. ಟೀಚರ್ ಪೂರ್ತಿ ಕೇಳಿಸಿಕೊಂಡಳು, ಕಣ್ಣೊರೆಸಿಕೊಂಡಳು, ಆಮೇಲೆ ಸಹಿ ಹಾಕಿದಳು.

ತಿಂಗಳೊಳಗೆ ಅವಳು ಹೊರಟೇಹೋದಳು. ಮಗಳು ಎರಡು ವಾರ ಮೈದಾನದ ಕಡೆ ತಲೆ ಹಾಕಲಿಲ್ಲ, ಮೂರನೇ ವಾರ ಮತ್ತೆ ಬಂದಳು. ತಾಯಿ ಬೇಡ ಎನ್ನಲಿಲ್ಲ. ಒಗೆಯುವ ಕೋಣೆಯಲ್ಲೇ ಇರುತ್ತಾಳೆ. ಹೊರಗೆ ಯಾರಾದರೂ ಕೈಯೆತ್ತಿ, "ಸತ್ತೆ, ಸತ್ತೆ!" ಎಂದು ನಗುತ್ತಾ ಕೂಗಿದರೆ ನಲ್ಲಿ ನಿಲ್ಲಿಸುತ್ತಾಳೆ. ಆ ದನಿ ಮಗಳದ್ದಲ್ಲ ಎಂದು ಖಾತ್ರಿಯಾಗುವವರೆಗೆ ಬಟ್ಟೆ ಮುಟ್ಟುವುದಿಲ್ಲ.