ಸಂಜೆ ಆರರ ಗಾಳಿ

ನಮ್ಮ ಭಾವನ ಬಗ್ಗೆ ಯಾರಾದರೂ ಒಂದು ಮಾತು ಕೆಟ್ಟದಾಗಿ ಆಡಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಅವರನ್ನು ಬೈಯುವ ಹಕ್ಕು ನನಗೊಬ್ಬಳಿಗೇ ಇರಲಿ. ಅವರು ನನ್ನ ಅಕ್ಕನನ್ನು ಮದುವೆಯಾಗಿ ಹದಿನೆಂಟು ವರ್ಷವಾಯಿತು, ಆ ಹಕ್ಕನ್ನು ನಾನು ಒಂದು ದಿನವೂ ಬಿಟ್ಟುಕೊಟ್ಟಿಲ್ಲ. ಅವರು ನನಗಿಟ್ಟ ಹೆಸರೇ ಪಟಾಕಿ.

ಭಾವನದು ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಕೆಲಸ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ವರ್ಕ್‌ಶಾಪು. ನೀರಿನ ಪಂಪಾಗಲಿ, ಹಿಟ್ಟಿನ ಗಿರಣಿಯದಾಗಲಿ, ಯಾವ ಮೋಟಾರು ಬಂದರೂ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಮೇಲಿಟ್ಟು, ಹಿಡಿಯನ್ನು ಕಿವಿಗೊತ್ತಿಕೊಂಡು, ಕಣ್ಣು ಮುಚ್ಚುತ್ತಾರೆ. ಒಳಗೆ ಏನು ಸವೆದಿದೆ ಎಂದು ಬಿಚ್ಚುವ ಮೊದಲೇ ಹೇಳುತ್ತಾರೆ. ಮೋಟಾರಿನ ಮಾತು ಕೇಳುವಷ್ಟು ಸಹನೆ ಮನುಷ್ಯರ ಮಾತಿಗೆ ಇರಲಿಲ್ಲ ಅಷ್ಟೆ. ಭಾನುವಾರವೂ ಅಂಗಡಿ ತೆರೆದಿರುತ್ತಿತ್ತು. ರಾತ್ರಿ ಒಂಬತ್ತಕ್ಕೆ ಮೊದಲು ಅವರು ಮನೆ ಸೇರಿದ್ದನ್ನು ನಾನು ಕಂಡೇ ಇರಲಿಲ್ಲ.

ಮನೆ ಇರುವುದು ಊರಾಚೆ ಗುಡ್ಡದ ಇಳಿಜಾರಿನಲ್ಲಿ. ಕರೆಂಟಿನ ಕಂಬಗಳು ಗುಡ್ಡದ ಬುಡದಲ್ಲೇ ನಿಂತುಬಿಟ್ಟಿವೆ. ಒಂದೇ ಮನೆಗಾಗಿ ಅಷ್ಟು ದೂರ ತಂತಿ ಎಳೆಯುವುದಿಲ್ಲ ಎಂದು ಇಲಾಖೆಯವರು ಕಡ್ಡಿ ಮುರಿದಂತೆ ಹೇಳಿದ್ದರು. ಊರಿನ ಮೋಟಾರುಗಳನ್ನೆಲ್ಲ ತಿರುಗಿಸುವವರ ಮನೆಯಲ್ಲಿ ಒಂದು ಬಲ್ಬು, ಅದೂ ವರ್ಕ್‌ಶಾಪಿನಲ್ಲಿ ಚಾರ್ಜ್ ಮಾಡಿ ಬೈಕಿಗೆ ಕಟ್ಟಿ ತರುವ ಬ್ಯಾಟರಿಯದು. ಅಕ್ಕನಿಗೆ ಅದರ ಕೊರಗಿರಲಿಲ್ಲ. ಹಿತ್ತಲಿನಲ್ಲಿ ಅವಳು ಸಾಕಿದ ಇಪ್ಪತ್ತೆರಡು ಜೇನುಪೆಟ್ಟಿಗೆಗಳಿದ್ದವು. ಬೆಳಗಿನಿಂದ ಸಂಜೆಯವರೆಗೆ ಅವುಗಳ ಸುತ್ತಲೇ ಅವಳ ಓಡಾಟ.

ಎರಡು ವರ್ಷದ ಹಿಂದೆ ಅಕ್ಕನಿಗೆ ಸಕ್ಕರೆ ಕಾಯಿಲೆ ಬಂತು. ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಯಿತು. ಆ ಬೇಸಿಗೆಯಲ್ಲಿ ಮನೆಯಲ್ಲಿಟ್ಟ ಔಷಧಿ ಸೆಕೆಗೆ ಕೆಟ್ಟುಹೋಗಿದ್ದು ಯಾರಿಗೂ ತಿಳಿಯಲಿಲ್ಲ. ದಿನವೂ ಚುಚ್ಚಿಕೊಳ್ಳುತ್ತಲೇ ಇದ್ದವಳು ಒಂದು ಮಧ್ಯಾಹ್ನ ಒಲೆಯ ಪಕ್ಕ ಕುಸಿದುಬಿದ್ದಳು.  ಆಸ್ಪತ್ರೆಯ ಡಾಕ್ಟರಮ್ಮ ಮುಲಾಜಿಲ್ಲದೆ ಹೇಳಿದರು: "ಮನೆಗೆ ಫ್ರಿಜ್ ಬರ್ಬೇಕು, ಇಲ್ಲಾ ಇವರು ಕೆಳಗೆ ಊರಿಗೆ ಬರ್ಬೇಕು. ಇನ್ನೊಂದು ಬೇಸಿಗೆ ಹೀಗೇ ಕಳೆಯೋದು ಬೇಡ."

ಊರಿಗೆ ಬರುವುದೆಂದರೆ ಜೇನು ಬಿಡುವುದು.  ಅಕ್ಕ ಮನೆಗೆ ಬಂದವಳೇ ಪೆಟ್ಟಿಗೆಗಳ ನಡುವೆ ಹೋಗಿ ಕೂತಳು. ಅಲ್ಲಿಂದ ಮುಂದೆ ಔಷಧಿ ವರ್ಕ್‌ಶಾಪಿನ ಪಕ್ಕದ ಹಾಲಿನಂಗಡಿಯ ಫ್ರಿಜ್ಜಿನಲ್ಲಿರುತ್ತಿತ್ತು. ಭಾವ ದಿನಕ್ಕೆ ಬೇಕಾದಷ್ಟನ್ನು ಐಸು ತುಂಬಿದ ಫ್ಲಾಸ್ಕಿನಲ್ಲಿಟ್ಟು ತರುತ್ತಿದ್ದರು. ಒಂದು ದಿನ ಬೈಕು ಕೆಟ್ಟರೆ ಏನು ಗತಿ ಎಂದು ನನಗೆ ಊಟ ಸೇರುತ್ತಿರಲಿಲ್ಲ.

ನಾನು ಕೆಲಸ ಮಾಡುವುದು ಸೋಲಾರ್ ಅಂಗಡಿಯಲ್ಲಿ. "ಭಾವ, ಎರಡು ಪ್ಯಾನೆಲ್ ಹಾಕೋಣ, ಮುಗೀತು" ಎಂದೆ.

"ಅಂಗಡೀಲಿ ಸಿಗೋದನ್ನ ತಂದು ಹಾಕೋಕೆ ನಾನ್ಯಾಕೆ ಬೇಕು? ನಮ್ಮ ಗುಡ್ಡದ ಗಾಳಿ ನೋಡಿದೀಯಾ? ಬಾಗಿಲು ಕಿತ್ಕೊಂಡು ಹೋಗುತ್ತೆ. ನಿಮ್ಮಕ್ಕನ ಫ್ರಿಜ್ ನಾನು ಸುತ್ತಿದ ತಂತಿಯಿಂದಲೇ ಓಡ್ಬೇಕು."

"ಹಾಗೆಲ್ಲ ಕಿವೀಲಿ ಕೇಳಿ ಗಾಳಿಯಂತ್ರ ಕಟ್ಟೋಕಾಗಲ್ಲ. ಅಳೀಬೇಕು."

ಸುಮ್ಮನಿರಲಾರದೆ ಹೇಳಿದ ಮಾತು. ಭಾವ ಅದನ್ನು ಗಂಟು ಹಾಕಿಕೊಂಡರು. ಸೈಕಲ್ ಚಕ್ರದ ನಡುವೆ ತಿರುಗುವ ಗುಂಬಕ್ಕೆ ನಾಲ್ಕು ಸೌಟು ಬಿಗಿದು, ಕೋಲಿನ ಮೇಲೆ ನಿಲ್ಲಿಸಿ, ಗಾಳಿ ಅಳೆಯುವ ಯಂತ್ರ ಮಾಡಿದರು. ಒಂದು ಸೌಟಿಗೆ ಕೆಂಪು ಬಣ್ಣ. ನಿಮಿಷಕ್ಕೆ ಕೆಂಪು ಸೌಟು ಎಷ್ಟು ಸಲ ಬಂತು ಎಂದು ಎಣಿಸಬೇಕು. ಅಕ್ಕ ಗಡಿಯಾರ ನೋಡುವುದು, ಭಾವ ಎಣಿಸಿ ಒಂದು ಪುಸ್ತಕದಲ್ಲಿ ಬರೆದಿಡುವುದು. ಹೊತ್ತು ಮುಳುಗಿದರೆ ಸೌಟು ಕಾಣುವುದಿಲ್ಲವಲ್ಲ, ಅದಕ್ಕಾಗಿ ಭಾವ ಐದೂವರೆಗೇ ವರ್ಕ್‌ಶಾಪಿನ ಬಾಗಿಲೆಳೆಯತೊಡಗಿದರು. ಎಂಟು ತಿಂಗಳು, ಒಂದು ಸಂಜೆಯೂ ತಪ್ಪಲಿಲ್ಲ.

ಆ ಪುಸ್ತಕವನ್ನು ನನಗೆ ತೋರಿಸಿದಾಗ ನಾನೇ ದಂಗಾದೆ. ಅಷ್ಟು ಗಾಳಿ ಎಲ್ಲಿಯೂ ಕಂಡಿರಲಿಲ್ಲ. "ಭಾವ, ಈ ಸಲ ನೀವೇ ಗೆದ್ರಿ" ಎಂದೆ. ಪ್ರತಿ ಸಾಲಿನಲ್ಲೂ ಸಂಜೆ ಆರು, ಸಂಜೆ ಆರು ಎಂದೇ ಬರೆದಿತ್ತು. ನನ್ನ ಕಣ್ಣಿಗೆ ಅದೇನು ಮಂಕು ಕವಿದಿತ್ತೋ!

ಗಾಳಿಯಂತ್ರಕ್ಕೆ ಮರದ ಮೂರು ರೆಕ್ಕೆಗಳನ್ನು ಅವರೇ ಕೆತ್ತಿದರು. ಹಳೇ ಕಾರಿನ ಚಕ್ರದ ಗುಂಬಕ್ಕೆ ಅಯಸ್ಕಾಂತ ಕೂರಿಸಿ, ತಂತಿ ಸುತ್ತಿ, ಮೂವತ್ತಡಿ ಕಬ್ಬಿಣದ ಕಂಬಕ್ಕೇರಿಸಿದರು. ಕಂಬ ಎತ್ತಿದ ಸಂಜೆ ನಾನೂ ಇದ್ದೆ. ರೆಕ್ಕೆ ಗಿರ್ರೆಂದು ತಿರುಗಿತು, ಒಳಗೆ ಪುಟ್ಟ ಫ್ರಿಜ್ಜು ಗುಂಯ್ ಎಂದಿತು. ಭಾವ ಸ್ಕ್ರೂಡ್ರೈವರನ್ನು ಕಂಬಕ್ಕೊತ್ತಿ ಕೇಳಿ, ಅದನ್ನು ಅಕ್ಕನ ಕಿವಿಗೆ ಹಿಡಿದರು. ಅಕ್ಕ ನಗುನಗುತ್ತಲೇ ಅತ್ತುಬಿಟ್ಟಳು. ನಿಜ ಹೇಳುತ್ತೇನೆ, ಆ ಹೊತ್ತು ನನಗೆ ಅವರಿಬ್ಬರ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ ಬೈಯಲು ಒಂದು ಮಾತೂ ಸಿಗಲಿಲ್ಲ.

ಮರುದಿನ ಮಧ್ಯಾಹ್ನ ಬ್ಯಾಟರಿ ಖಾಲಿಯಾಗಿ ಫ್ರಿಜ್ಜು ನಿಂತಿತು. ಅದರ ಮರುದಿನವೂ ಅಷ್ಟೇ. ಭಾವ ತಂತಿಯದೇ ತಪ್ಪೆಂದು ಬಿಚ್ಚಿ ಸುತ್ತಿದರು, ಮತ್ತೆ ಬಿಚ್ಚಿದರು, ಮತ್ತೆ ಸುತ್ತಿದರು. ನಲವತ್ತು ವರ್ಷದ ಕೈ ತನಗೆ ಮೋಸ ಮಾಡುತ್ತಿದೆ ಎಂದುಕೊಂಡು ಸೊರಗಿಹೋದರು. ಫ್ಲಾಸ್ಕಿನ ಓಡಾಟ ನಿಲ್ಲಲಿಲ್ಲ. ಬೇಸಿಗೆಗೆ ಮೂರೇ ವಾರವಿತ್ತು.

ಒಂದು ಭಾನುವಾರ ಬೆಳಿಗ್ಗೆಯೇ ಗುಡ್ಡ ಹತ್ತಿದೆ. ಭಾವ ವರ್ಕ್‌ಶಾಪಿನಲ್ಲಿದ್ದರು. ಅಕ್ಕನ ಜೊತೆ ಹಿತ್ತಲಿನಲ್ಲಿ ಕೂತು ಕಂಬವನ್ನೇ ನೋಡಿದೆ. ಹತ್ತಾಯಿತು, ಹನ್ನೆರಡಾಯಿತು, ಮೂರಾಯಿತು. ರೆಕ್ಕೆ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಜೇನುಗಳು ಮಾತ್ರ ಬಿಸಿಲಲ್ಲಿ ಹಾಯಾಗಿ ಹೋಗಿಬಂದು ಮಾಡುತ್ತಿದ್ದವು.

"ಅಕ್ಕ, ಇಲ್ಲಿ ಹಗಲು ಗಾಳೀನೇ ಇಲ್ವಾ?"

"ಇಲ್ಲ ಕಣೇ. ಅದಕ್ಕೇ ಅಲ್ವಾ ಪೆಟ್ಟಿಗೆ ಇಲ್ಲಿಟ್ಟಿರೋದು. ಗಾಳಿ ಜಾಸ್ತಿ ಇದ್ರೆ ಜೇನು ಆಚೆಗೇ ಬರಲ್ಲ. ಹೊತ್ತು ಇಳಿದ ಮೇಲೆ ಶುರುವಾಗುತ್ತೆ, ಹತ್ತಕ್ಕೆಲ್ಲ ಬಿಟ್ಟುಹೋಗುತ್ತೆ."

ನನ್ನ ಮೈಯೆಲ್ಲ ಉರಿದುಹೋಯಿತು. "ಅಯ್ಯೋ ನಿನ್ನ! ಮೊದಲಿಂದ್ಲೂ ಗೊತ್ತಿತ್ತಾ? ದಿನಕ್ಕೆ ನಾಲ್ಕು ಗಂಟೆ ಗಾಳೀಲಿ ಫ್ರಿಜ್ ಓಡಲ್ಲ ಅಂತ ಯಾರಾದ್ರೂ ಹೇಳ್ತಾರೆ. ಎಂಟು ತಿಂಗಳು ಬಾಯಲ್ಲಿ ಏನಿಟ್ಕೊಂಡು ಕೂತಿದ್ದೆ? ನಿನ್ನ ಜೀವ ಅಂದ್ರೆ ಆಟಾನಾ?"

ಅಕ್ಕ ತಲೆ ತಗ್ಗಿಸಿದಳು. ಸೆರಗಿನ ತುದಿ ಸುತ್ತುತ್ತ ಹೇಳಿದಳು. "ಅವರು ನನ್ನ ಕೇಳಲಿಲ್ಲ. ಮೊದಲನೇ ವಾರ ಹೇಳೋಣ ಅಂತಲೇ ಇದ್ದೆ. ಆದ್ರೆ ಆರು ಗಂಟೆಗೆ ಮನೆಗೆ ಬರ್ತಿದ್ರಲ್ಲೇ. ಎಣಿಸೋದು ಮುಗಿದ್ಮೇಲೂ ಅಲ್ಲೇ ಕೂತ್ಕೊಂಡು ಮಾತಾಡ್ತಿದ್ರು. ಹದಿನೆಂಟು ವರ್ಷದಲ್ಲಿ ನಾವಿಬ್ರೂ ಬೆಳಕಿರೋವಾಗ ಒಟ್ಟಿಗೆ ಕೂತಿರಲಿಲ್ಲ. ಹೇಳಿದ್ರೆ ನಿಂತುಹೋಗುತ್ತೆ ಅನ್ನಿಸ್ತು. ತಪ್ಪೇ ನಂದು, ಬೈಯಿ."

 ಅವಳ ಪಕ್ಕಕ್ಕೆ ಸರಿದು ಕೂತೆ.

ಸಂಜೆ ಭಾವ ಬಂದಾಗ ಅಕ್ಕನೇ ಎಲ್ಲ ಹೇಳಿದಳು, ಆರು ಗಂಟೆಯ ಮಾತನ್ನೂ ಬಿಡದೆ. ಕೂಗಾಡುತ್ತಾರೆಂದು ನಾನು ಕಾದೆ. ಭಾವ ಪುಸ್ತಕ ತಂದು, ಒಂದೊಂದೇ ಹಾಳೆ ತಿರುವಿ, ಮುಚ್ಚಿದರು.

"ಪಟಾಕಿ, ನಾಳೆ ಎರಡು ಪ್ಯಾನೆಲ್ ತಗೊಂಡು ಬಾ" ಎಂದರು. ಅಷ್ಟೇ.

ಮೂರು ದಿನದಲ್ಲಿ ಪ್ಯಾನೆಲ್ಲು ಛಾವಣಿ ಏರಿತು. ಫ್ರಿಜ್ಜು ಹಗಲಿಡೀ ಓಡಿತು, ರಾತ್ರಿಯೂ ನಿಲ್ಲಲಿಲ್ಲ. ಔಷಧಿಯನ್ನು ಹಾಲಿನಂಗಡಿಯಿಂದ ಮನೆಗೆ ತಂದಿಟ್ಟೆವು. ಗಾಳಿಯಂತ್ರವನ್ನು ಇಳಿಸಲು ನಾನೇ ಬಿಡಲಿಲ್ಲ. ಮೋಡದ ದಿನ ಸಂಜೆಯ ಆ ನಾಲ್ಕು ಗಂಟೆಯ ಗಾಳಿಯೂ ಆಸರೆಯೇ. ಈಗ ಅಂಗಡಿಗೆ ಬಂದು ಗಾಳಿಯಂತ್ರ ಹಾಕಿಸಿದರೆ ಲಾಭವೇ ಎಂದು ಕೇಳುವವರಿಗೆ, ಹಗಲೆಲ್ಲ ಮನೆಯಲ್ಲಿರುವವರನ್ನು ಮೊದಲು ಕೇಳಿಕೊಂಡು ಬನ್ನಿ ಎನ್ನುತ್ತೇನೆ.

ಔಷಧಿ ತಂದಿಟ್ಟ ದಿನ ನಾನು ಅಲ್ಲೇ ಉಳಿದಿದ್ದೆ. ಇನ್ನು ಐಸು ತರುವ ಅವಸರವಿಲ್ಲ, ಗಾಳಿ ಅಳೆಯುವ, ಯಂತ್ರ ಬಿಚ್ಚಿ ಸುತ್ತುವ ಕೆಲಸವೂ ಇಲ್ಲ. ಅಕ್ಕ ಅಂದು ರಾತ್ರಿಯ ಅಡುಗೆಗೆ ಕೈ ಹಚ್ಚಿರಲಿಲ್ಲ. "ಇನ್ನು ಅವರು ಬರೋದು ಒಂಬತ್ತಕ್ಕೆ ತಾನೇ, ನಿಧಾನಕ್ಕೆ ಮಾಡಿದ್ರಾಯ್ತು" ಎಂದಳು. ಧ್ವನಿಯನ್ನು ಆದಷ್ಟು ಹಗುರ ಮಾಡಿಕೊಂಡೇ ಹೇಳಿದಳು. 

ಆರಕ್ಕೆ ಇನ್ನೂ ಐದು ನಿಮಿಷವಿರುವಾಗ ಬೈಕಿನ ಸದ್ದು ಕೇಳಿತು. ಅಕ್ಕ ಗಾಬರಿಯಿಂದ ಹೊರಗೆ ಓಡಿದಳು.

"ಯಾಕ್ರೀ? ಏನಾಯ್ತು? ಏನಾದ್ರೂ ಮರೆತ್ರಾ?"

ಭಾವ ಚಪ್ಪಲಿ ಬಿಟ್ಟು, ಜಗಲಿಯ ಮೇಲೆ ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದರು.

"ಏನೂ ಇಲ್ಲ ಕಣೇ. ಸುಮ್ನೆ ಬಂದೆ."