ಹಳ್ಳ ದಾಟಿದ ಮೇಲಿನ ಲೆಕ್ಕ

ಕಾರಣ ಹೇಳಲಾಗದ ಅನುಭವಗಳನ್ನು ಯಾರಾದರೂ ಹೇಳಿದರೆ, ಆಗ ಗಂಟೆ ಎಷ್ಟು, ಜೊತೆಗೆ ಯಾರಿದ್ದರು ಎಂದು ಕೇಳಿ ಅವರ ಉತ್ಸಾಹ ಕೆಡಿಸುತ್ತಿದ್ದವಳು ನಾನು. ಈಗ ನನ್ನದೇ ಒಂದನ್ನು ಹೇಳಬೇಕಾಗಿದೆ.

ಎರಡು ವರ್ಷದ ಹಿಂದೆ ಶೃಂಗೇರಿ ಕಡೆಯ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಮೂರು ತಿಂಗಳು ಇಂಟರ್ನ್‌ಷಿಪ್ ಮಾಡಿದೆ. ಸುತ್ತಲಿನ ಶಾಲೆಗಳ ಮಕ್ಕಳನ್ನು ಕಾಡಿಗೆ ಕರೆದೊಯ್ದು ಮರ, ಹಕ್ಕಿ, ಹೆಜ್ಜೆಗುರುತು ತೋರಿಸುವುದು ಕೆಲಸ. ಮುಂದೆ ದಾರಿ ತೋರಿಸುತ್ತಿದ್ದವರು ಫಾರೆಸ್ಟ್ ವಾಚರ್ ಮಂಜಪ್ಪಣ್ಣ. ಸಾಲಿನ ಕೊನೆಯಲ್ಲಿ ನಡೆಯುತ್ತ ತಲೆ ಎಣಿಸುವುದು ನನ್ನ ಪಾಲು. ಟಿಪ್ಪಣಿ ಪುಸ್ತಕದಲ್ಲಿ ಮಗುವಿಗೊಂದು ಗೀಟು, ಐದಕ್ಕೊಂದು ಕಟ್ಟು. "ಎಂತ ಮಾರಾಯ್ತಿ, ಅಡಿಕೆ ಮೂಟೆ ಎಣಿಸ್ದಂಗೆ ಎಣಿಸ್ತೀಯಲ್ಲ" ಎಂದು ಅವರು ಛೇಡಿಸುತ್ತಿದ್ದರು. ಆದರೆ ಹಳ್ಳ ದಾಟಿದ ಮೇಲೆ ಎಣಿಸಲೇಬೇಕೆಂಬ ನಿಯಮ ಅವರದೇ.

ಅದು ಅಕ್ಟೋಬರ್‌ನ ಒಂದು ಶನಿವಾರ. ಕೊಪ್ಪ ಕಡೆಯ ಶಾಲೆಯೊಂದರ ಇಪ್ಪತ್ತೆರಡು ಮಕ್ಕಳು, ಒಬ್ಬ ಟೀಚರ್. ಹಳ್ಳ ದಾಟಲು ಮಕ್ಕಳು ಸಾಲಾಗಿ ನಿಂತಿದ್ದರು. ಸುಲಭವೆಂದು ಈಚೆ ದಡದಲ್ಲೇ ಎಣಿಸಿ, ಗೀಟು ಹಾಕಿ, ಪುಸ್ತಕ ಚೀಲಕ್ಕೆ ಸೇರಿಸಿಬಿಟ್ಟೆ. ಆಮೇಲೆ ಅಂಜುತ್ತಿದ್ದ ಒಬ್ಬಳ ಕೈ ಹಿಡಿದು ಸಾಲಿನ ನಡುವೆಯೇ ದಾಟಿದೆ. ಹಿಂದೆ ಯಾರಿದ್ದರೆಂದು ನೋಡಲಿಲ್ಲ.

ಹತ್ತು ನಿಮಿಷ ನಡೆದ ಮೇಲೆ ಮಂಗಟ್ಟೆ ಹಕ್ಕಿಯೊಂದು ಕಂಡಿತು. ಬರೆದುಕೊಳ್ಳಲು ಪುಸ್ತಕ ತೆರೆದೆ. ಇಪ್ಪತ್ತೆರಡು ಗೀಟುಗಳ ಕೆಳಗೆ ಇನ್ನೊಂದು ಸಾಲಿತ್ತು. 'ದಾಟಿದ ಮೇಲೆ' ಎಂದು ಬರೆದು, ನಾಲ್ಕು ಕಟ್ಟು, ಒಂದು ಗೀಟು. ನನ್ನದೇ ಅಕ್ಷರ, ನನ್ನದೇ ಹಸಿರು ಶಾಯಿ. ಹಳ್ಳ ದಾಟಿದ ಮೇಲೆ ಅಲ್ಲಿಯವರೆಗೆ ನಾನು ಪುಸ್ತಕವನ್ನು ಚೀಲದಿಂದ ತೆಗೆದೇ ಇರಲಿಲ್ಲ.

ತಪ್ಪೆಂದು ಹೊಡೆದುಹಾಕಲು ಹೊರಟವಳು ಯಾಕೋ ಮಕ್ಕಳನ್ನು ಎಣಿಸಿದೆ. ಇಪ್ಪತ್ತೊಂದೇ ಇದ್ದರು.

ಉಳಿದವರನ್ನು ಟೀಚರ್ ಬಳಿ ಬಿಟ್ಟು ನಾನೂ ಮಂಜಪ್ಪಣ್ಣನೂ ಓಡಿದೆವು. ಏಳನೇ ತರಗತಿಯ ಅನನ್ಯ ಬಂಡೆಗಳ ಸಂದಿಯಲ್ಲಿ ಕಾಲು ಸಿಕ್ಕಿಕೊಂಡು ಹಳ್ಳದಲ್ಲೇ ನಿಂತಿದ್ದಳು. ಮೇಲೆ ಗುಡ್ಡದಲ್ಲಿ ಮಳೆಯಾಗಿರಬೇಕು, ಮೊಣಕಾಲಿನಷ್ಟಿದ್ದ ನೀರು ಕೆಂಪಾಗಿ ಅವಳ ಎದೆಗೆ ಬಂದಿತ್ತು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಮಂಜಪ್ಪಣ್ಣ ನೀರಿನಲ್ಲಿ ಮುಳುಗಿ ಕಾಲು ಬಿಡಿಸಿದರು.

ಸಂಜೆ ಮಂಜಪ್ಪಣ್ಣನ ಬಳಿ ನನ್ನ ತಪ್ಪು ಒಪ್ಪಿಕೊಂಡು ಪುಸ್ತಕ ತೋರಿಸಿದೆ. ಅವರು ಆ ಸಾಲಿನ ಮೇಲೆ ಬೆರಳಿಟ್ಟು ಗೀಟುಗಳನ್ನು ಎಣಿಸಿದರು.

"ಬರೆದಿದ್ದು ನೀನೇ ಅಲ್ವನೇ?"

"ಅಕ್ಷರ ನಂದೇ ಅಣ್ಣ. ಬರೆದಿದ್ದು ಗೊತ್ತಿಲ್ಲ."

"ಗೊತ್ತಿಲ್ದಿದ್ರೆ ಹಾಗೇ ಇರ್ಲಿ. ಕೂಸು ಸಿಕ್ತಲ್ಲ" ಎಂದು ಪುಸ್ತಕ ಮಡಚಿ ಕೊಟ್ಟರು.

ಮನಸ್ಸು ತಾನೇ ಎಣಿಸಿ ಕೈ ತಾನೇ ಬರೆದಿರಬಹುದು ಎನ್ನುತ್ತಾಳೆ ಗೆಳತಿ. ಇರಬಹುದು. ಆದರೆ ನಡೆಯುತ್ತ ಎಳೆದ ನನ್ನ ಗೀಟುಗಳೆಲ್ಲ ಸೊಟ್ಟ. ಆ ಸಾಲು ಮಾತ್ರ ಮೇಜಿನ ಮೇಲಿಟ್ಟು ಬರೆದಷ್ಟು ನೇರ. ಅನನ್ಯ ಈಗ ಒಂಬತ್ತನೇ ತರಗತಿ. ಅವಳು ಫೋನ್ ಮಾಡಿದಾಗಲೆಲ್ಲ ಕೈಮುಗಿಯಬೇಕೆನಿಸುತ್ತದೆ; ಯಾರ ಕಡೆಗೆ ತಿರುಗಿ ಮುಗಿಯಬೇಕೋ ತಿಳಿಯದು.